ಸಾರಿ ಅಂದಿದ್ದು ನಾನು

ಅವನಲ್ಲ. ನಾನು. "ಸಾರಿ ಸರ್" ಅಂದೆ. ಸರ್ ಬೇರೆ ಕೇಡು!

ನಡೆದದ್ದು ಬೆಳಿಗ್ಗೆ ಹತ್ತೂವರೆಗೆ. ಈಗ ರಾತ್ರಿ ಹನ್ನೊಂದು. ಊಟ ಮಾಡಿದೆ, ಮಲಗಿದೆ, ಎದ್ದು ನೀರು ಕುಡಿದೆ, ಮತ್ತೆ ಮಲಗಿದೆ. ಕಣ್ಣು ಮುಚ್ಚಿದರೆ ಸಾಕು, ಸ್ಕೂಟರಿನ ಹ್ಯಾಂಡಲ್‌ಗೆ ನೇತುಹಾಕಿದ್ದ ಆ ಹಾಲಿನ ಕವರು ಕಣ್ಣೆದುರು ತೂಗಾಡುತ್ತದೆ. "ಬಿಟ್ಟಾಕಿ ಅತ್ಲಾಗೆ" ಅಂದಳು ನಮ್ಮನೆಯವಳು. ಬಿಟ್ಟೆ. ಐದು ನಿಮಿಷ ಬಿಟ್ಟೆ. ಆಮೇಲೆ ಎದ್ದು ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ.

ಪುಟ್ಟನನ್ನು ನಡೆಸಿಕೊಂಡು ಹೋಗುವ ಐಡಿಯಾ ನನ್ನದೇ. ಮಾಲ್‌ಗೀಲ್ ಏನೂ ಬೇಡ, ಊರನ್ನು ಕಾಲಲ್ಲಿ ನೋಡಬೇಕು ಅಂತ ಹಿಂದಿನ ರಾತ್ರಿಯೇ ಭಾಷಣ ಬಿಗಿದಿದ್ದೆ. ಆಟೋ ಮಾಡೋಣ ಅಂದವಳ ಬಾಯಿ ಮುಚ್ಚಿಸಿದ್ದೆ. ಅನುಭವಿಸು ಈಗ.

ಲಾಲ್‌ಬಾಗ್ ಒಳಗೆ ಒಂದು ಚೂರೂ ತೊಂದರೆ ಆಗಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ಎರಡು ಗಂಟೆ ರಾಜರ ಹಾಗೆ ತಿರುಗಿದೆವು. ಬಂಡೆ ಹತ್ತಿ, "ಇದು 300 ಕೋಟಿ ವರ್ಷದ ಕಲ್ಲು ಕಣೋ, ಡೈನೋಸಾರ್ ಎಲ್ಲ ಇದರ ಮುಂದೆ ನಿನ್ನೆ ಮೊನ್ನೆಯವು" ಅಂದೆ. ಅವನು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತುಕೊಂಡ. ಕೆಂಪೇಗೌಡರ ಗೋಪುರ ತೋರಿಸಿದೆ. ಬಿಳಿ ಬೂರುಗದ ಬೇರುಗಳು ಗೋಡೆ ಎದ್ದ ಹಾಗೆ ಇವೆಯಲ್ಲ, ಅದರ ಸಂದಿಯಲ್ಲಿ ಅವಿತು ಕೂತು ನನ್ನನ್ನು ಹುಡುಕಿಸಿದ. ಗಾಜಿನ ಮನೆ ಮುಂದೆ ನಾನು ಪೂರ್ತಿ ಮೇಷ್ಟ್ರಾಗಿಬಿಟ್ಟೆ. 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿಕೊಂಡು ಮಾಡಿದ್ದು, ಲಂಡನ್ನಿನದು 1936ರಲ್ಲಿ ಸುಟ್ಟುಹೋಯಿತು, ನಮ್ಮದು ನೋಡು ಹೇಗೆ ನಿಂತಿದೆ! ಏನೋ ನಾನೇ ಕೂತು ಗಾಜು ಜೋಡಿಸಿದ ಹಾಗೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಈಗ 240 ಎಕರೆ ಅಂದರೆ, "ನಮ್ಮ ಅಡಿಕೆ ತೋಟ ಎರಡೇ ಎಕರೆ ಅಲ್ವಾ ಮಾವ?" ಅಂದ. ಖುಷಿಯಾಗಿದ್ದ.

ಪಶ್ಚಿಮದ ಗೇಟಿನಿಂದ ಹೊರಗೆ ಬಂದೆವು. ಅಲ್ಲಿಂದ ವಾಣಿ ವಿಲಾಸ ರಸ್ತೆ ಹಿಡಿದು ಗಾಂಧಿ ಬಜಾರಿಗೆ ನಡೆದು ಹೋಗಿ ದೋಸೆ ತಿನ್ನುವುದು ಅಂತ ನನ್ನ ಪ್ಲಾನು. ಇಪ್ಪತ್ತು ನಿಮಿಷದ ದಾರಿ. ನಲವತ್ತೇಳು ವರ್ಷದವನು, ಒಂಬತ್ತು ವರ್ಷದವನು. ಏನು ಮಹಾ?

ಫುಟ್‌ಪಾತ್ ಮೇಲೇ ಇದ್ದೆವು. ಇದನ್ನು ಇನ್ನೊಂದು ಸಲ ಹೇಳುತ್ತೇನೆ. ಫುಟ್‌ಪಾತ್ ಮೇಲೇ ಇದ್ದೆವು.

ನಾನು ಪ್ಲೇಗಿನ ಕಥೆ ಹೇಳುತ್ತಿದ್ದೆ. 1898ರಲ್ಲಿ ಪೇಟೆಗೆ ಪ್ಲೇಗ್ ಬಂತು, ಅಲ್ಲಿ ಓಣಿಗಳು ಇಕ್ಕಟ್ಟು, ಜನ ಒಬ್ಬರ ಮೇಲೊಬ್ಬರು ಇದ್ದರು. ಅದಕ್ಕೇ ಗಾಳಿ ಬೆಳಕು ಬರಲಿ ಅಂತ ಅಗಲ ಅಗಲ ರಸ್ತೆ ಹಾಕಿ ಬಸವನಗುಡಿ, ಮಲ್ಲೇಶ್ವರ ಕಟ್ಟಿದರು. "ನೋಡು ಪುಟ್ಟ, ಆವತ್ತೇ ಎಷ್ಟು ಯೋಚನೆ ಮಾಡಿದ್ದಾರೆ, ಆರಾಮಾಗಿ..."

ಆರಾಮಾಗಿ ಅನ್ನುವ ಮಾತು ಬಾಯಲ್ಲೇ ಇತ್ತು. ಹಿಂದಿನಿಂದ ಪೀಂ ಅಂತು.

ನಾನು ರಸ್ತೆ ಕಡೆ ನೋಡಿದೆ. ಯಾರಾದರೂ ರಸ್ತೆ ಕಡೆಯೇ ತಾನೇ ನೋಡುವುದು? ಮತ್ತೆ ಪೀಂ ಪೀಂ. ತಿರುಗುವಷ್ಟರಲ್ಲಿ ಸ್ಕೂಟರಿನ ಮುಂದಿನ ಚಕ್ರ ನನ್ನ ಮೀನಖಂಡ ಮುಟ್ಟಿತ್ತು. ಹೆಚ್ಚುಕಮ್ಮಿ ನನ್ನದೇ ವಯಸ್ಸು ಅವನಿಗೂ. ಹೆಲ್ಮೆಟ್ ಮೊಣಕೈಗೆ ಸಿಕ್ಕಿಸಿಕೊಂಡಿದ್ದ, ಬಹುಶಃ ಮೊಣಕೈಗೇ ಪೆಟ್ಟು ಬೀಳುವುದು ಜಾಸ್ತಿ ಇರಬೇಕು. "ಏನ್ರೀ, ದಾರಿ ಮಧ್ಯೆ ನಿಂತ್ಕೊಂಡು ಕಥೆ ಹೇಳ್ತಿದೀರಾ? ಎಷ್ಟೊತ್ತು ಹಾರ್ನ್ ಹೊಡೀಬೇಕು? ಜಾಗ ಬಿಡ್ರೀ!"

ದಾರಿ ಮಧ್ಯೆ!

ನಾನೇನು ಮಾಡಿದೆ? ಪುಟ್ಟನ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಟ್ರಾನ್ಸ್‌ಫಾರ್ಮರಿನ ಬೇಲಿಗೆ ಬೆನ್ನು ಹಚ್ಚಿ ನಿಂತೆವು. ತಲೆಬುರುಡೆ ಬರೆದು 'ಅಪಾಯ' ಅಂತ ಬೋರ್ಡು ಹಾಕಿರುತ್ತಾರಲ್ಲ, ಅದೇ ಬೇಲಿ. ಹೊಟ್ಟೆ ಒಳಗೆ ಎಳೆದುಕೊಂಡೆ, ಅವನ ಹಾಲಿನ ಕವರಿಗೆ ತಾಗಬಾರದು ಅಂತ. ಆಮೇಲೆ ಅಂದೆ. ಯಾರೂ ಕೇಳಿರಲಿಲ್ಲ, ಯಾರೂ ಕುತ್ತಿಗೆ ಹಿಡಿದಿರಲಿಲ್ಲ. ನಾನಾಗೇ, ನಗುನಗುತ್ತಾ ಅಂದೆ: "ಸಾರಿ ಸರ್."

ಅವನು "ಇರ್ಲಿ ಬಿಡಿ" ಅಂತಲೂ ಅನ್ನಲಿಲ್ಲ. ಲೊಚ್ ಅಂತ ಲೊಚಗುಟ್ಟಿ ಹೋದ. ಅವನ ಹಿಂದೆಯೇ ಇನ್ನೆರಡು ಗಾಡಿ ಬಂದವು. ಕೊನೆಯ ಹುಡುಗಿ "ಥ್ಯಾಂಕ್ಸ್ ಅಂಕಲ್" ಅಂದಳು. ನಿಜ ಹೇಳಲಾ, ಲೊಚಗುಟ್ಟಿದ್ದಕ್ಕಿಂತ ಅದೇ ಜಾಸ್ತಿ ಚುಚ್ಚಿತು.

ಪುಟ್ಟ ನನ್ನ ಮುಖ ನೋಡಿದ. "ಮಾವ, ನೀ ಯಾಕೆ ಸಾರಿ ಹೇಳಿದ್ದು?"

ಉತ್ತರ ಹೊಳೆಯಲಿಲ್ಲ. "ಬಾ, ದೋಸೆ ಆರಿ ಹೋಗುತ್ತೆ" ಅಂದೆ. ಇನ್ನೂ ಹುಯ್ದೇ ಇರದ ದೋಸೆ!

ವಿದ್ಯಾರ್ಥಿ ಭವನದ ಮುಂದೆ ಸಾಲಿನಲ್ಲಿ ನಿಂತಾಗ ನೋಡಿ, ಒಂದರ ಹಿಂದೊಂದು ಉತ್ತರ ಬಂದವು. "ಇದು ದಾರಿಯಲ್ಲ ಸ್ವಾಮಿ, ಫುಟ್‌ಪಾತು." "ಚಪ್ಪಲಿ ಹಾಕ್ಕೊಂಡು ನಡ್ಕೊಂಡ್ ಬಂದ್ರೆ ಜಾಗ ಬಿಡ್ತೀನಿ." ಸುಮ್ನೆ ಅಲ್ಲಾಡದೆ ನಿಂತಿದ್ದರೂ ಸಾಕಿತ್ತು. ಎಲ್ಲ ಉತ್ತರವೂ ಕೈಲಿತ್ತು, ಸ್ಕೂಟರೊಂದು ಬಿಟ್ಟು. ದೋಸೆ ತುಂಬಾ ಚೆನ್ನಾಗಿತ್ತಂತೆ. ಪುಟ್ಟ ಹೇಳಿದ.

ಇನ್ನೊಂದು ಕೇಳಿ. ಫುಟ್‌ಪಾತ್ ಮೇಲೆ ನಡೆಯುವುದು ಸಂವಿಧಾನದ 21ನೇ ವಿಧಿಯಲ್ಲಿ ಬರುವ ಹಕ್ಕು ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಸುದ್ದಿಯನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು ಯಾರು? ನಾನು. ಮೂರು ಚಪ್ಪಾಳೆ ಸಮೇತ. ಅಂಥ ಬದುಕುವ ಹಕ್ಕನ್ನು ಜೇಬಲ್ಲಿ ಇಟ್ಟುಕೊಂಡು ತಲೆಬುರುಡೆ ಬೋರ್ಡಿಗೆ ಅಂಟಿಕೊಂಡು ಸಾರಿ ಅಂದ ಗಂಡಸು ಇಡೀ ಬಸವನಗುಡಿಯಲ್ಲಿ ನಾನೊಬ್ಬನೇ ಇರಬೇಕು.

ಹೋಗಲಿ ಬಿಡಿ. ರಸ್ತೆ ಪೂರ್ತಿ ಜಾಮ್ ಆಗಿತ್ತು. ಅವನಿಗೂ ಮನೆಯಲ್ಲಿ ಕಾಫಿಗೆ ಹಾಲಿಲ್ಲದೆ ಯಾರೋ ಕಾಯುತ್ತಿದ್ದರೋ ಏನೋ. ಎಲ್ಲರದೂ ಅವಸರದ ಬದುಕು. ಹೋದ ಮಳೆಗಾಲದಲ್ಲಿ ನಾನೂ ಒಂದು ಸಲ... ಅದು ಬೇರೆ ವಿಷಯ. ಮೊಣಕಾಲುದ್ದ ನೀರು ನಿಂತಿತ್ತು. ಮೂವತ್ತು ಅಡಿ ಅಷ್ಟೇ. ಹಾರ್ನ್ ಹೊಡೆದಿರಲಿಲ್ಲ. ಹೊಡೆದಿರಲಿಲ್ಲ ಅನಿಸುತ್ತದೆ.

ಅಲ್ಲ, ಯಾಕೆ ಬಿಡಬೇಕು? ಯಾಕ್ರೀ ಬಿಡಬೇಕು? ಯಾರಾದರೂ ಒಬ್ಬರು ಹೇಳಿ, ನಾನು ಎಲ್ಲಿ ನಿಲ್ಲಬೇಕಿತ್ತು? ಎಡಕ್ಕೆ ಕಾಂಪೌಂಡು. ಬಲಕ್ಕೆ ಎರಡು ಚಕ್ರ ಮೇಲೇರಿಸಿ ನಿಲ್ಲಿಸಿದ ಕಾರು. ಮುಂದೆ ಚಪ್ಪಡಿ ಇಲ್ಲದ ಮೋರಿ, ಅದರೊಳಗೆ ಗುರುತಿಗೆ ಅಂತ ಯಾರೋ ಪುಣ್ಯಾತ್ಮರು ಸಿಕ್ಕಿಸಿದ ಮರದ ಕೊಂಬೆ. ಕೆಳಗಿಳಿದರೆ ಬಸ್ಸು. ಹಾರುವುದಕ್ಕೆ ರೆಕ್ಕೆ ಇಲ್ಲ. ಲಾಲ್‌ಬಾಗ್ ಪಕ್ಕದ ರಸ್ತೆಗೆ ಕ್ರುಂಬಿಗಲ್ ಅಂತ ಹೆಸರಿದೆ ನೋಡಿ, ಜರ್ಮನಿಯವನು, 1908ರಲ್ಲಿ ಬೆಂಗಳೂರಿಗೆ ಬಂದವನು. ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂವಿರಲಿ ಅಂತ ಲೆಕ್ಕ ಹಾಕಿ ಮರ ನೆಡಿಸಿದ. ಪಾಪ, ಆ ಹೂವನ್ನು ತಲೆ ಎತ್ತಿ ನೋಡುವವನ ಕಾಲು ಎಲ್ಲಿರುತ್ತದೆ ಅಂತ ಅವನೇನು ಕನಸು ಕಂಡಿದ್ದನೇ?

ಸಂಜೆ ಅಕ್ಕ ಸಾಗರದಿಂದ ಫೋನ್ ಮಾಡಿದಳು. ಬಂಡೆ, ಗಾಜಿನ ಮನೆ, ಬೂರುಗದ ಮರ, ಒಂದಾದರೂ ಬರಲಿಲ್ಲ ಪುಟ್ಟನ ಬಾಯಲ್ಲಿ. "ಅಮ್ಮಾ, ಸ್ಕೂಟರ್‌ನವನು ಮಾವಂಗೆ ಬೈದ, ಮಾವ ಸಾರಿ ಸರ್ ಅಂದ" ಅಂದ. ಅಕ್ಕ ಬಿದ್ದು ಬಿದ್ದು ನಕ್ಕಳು. "ಅವನು ಹೈಸ್ಕೂಲಲ್ಲೂ ಹಂಗೇ" ಅಂದದ್ದು ನನಗೂ ಕೇಳಿಸಿತು. ಪುಟ್ಟ ಮಾತ್ರ ನಗಲಿಲ್ಲ. "ನಮ್ಮೂರಲ್ಲಿ ಫುಟ್‌ಪಾತೇ ಇಲ್ಲ ಅಲ್ವಾ ಅಮ್ಮಾ? ಆದ್ರೂ ಯಾರೂ ಬೈಯಲ್ಲ."

ನಾಳೆ ದೊಡ್ಡ ಬಸವಣ್ಣನನ್ನು ನೋಡಬೇಕಂತೆ ಅವನಿಗೆ. ಮಲಗುವಾಗ ಕೇಳಿದೆ, ಆಟೋನಾ, ನಡೆದುಕೊಂಡು ಹೋಗೋಣವಾ ಅಂತ.

"ನೀ ಸಾರಿ ಹೇಳಲ್ಲ ಅಂದ್ರೆ ನಡೀತೀನಿ" ಅಂದ.

ನೋಡೋಣ, ಮಲಕ್ಕೋ ಈಗ ಅಂದೆ.