ಗುದ್ದಲಿ ಹಿಡಿದ ತಾಯಂದಿರ ಊರಿನಿಂದ

ನಾನು ಈಗ ಇರುವುದು ಮೆಕ್ಸಿಕೊದ ಗ್ವಾದಲಹಾರಾದಲ್ಲಿ. ಐಟಿ ಕಂಪನಿಗಳ ಊರು. ಹವೆ, ಟ್ರಾಫಿಕ್ಕು ಎರಡೂ ಹೆಚ್ಚುಕಡಿಮೆ ಬೆಂಗಳೂರಿನಂತೆಯೇ. ಊರ ನಡುವಿನ ಒಂದು ದೊಡ್ಡ ವೃತ್ತವನ್ನು ಜನ ಈಗ ‘ಕಾಣೆಯಾದವರ ವೃತ್ತ’ ಎಂದೇ ಕರೆಯುತ್ತಾರೆ. ಅಲ್ಲಿರುವ ಸ್ಮಾರಕದ ಸುತ್ತ ಫೋಟೋಗಳು. ಹೆಸರು, ವಯಸ್ಸು, ಮೈಮೇಲಿನ ಹಚ್ಚೆ, ಕೊನೆಯ ಸಲ ಕಂಡ ಜಾಗ. ಎಷ್ಟೋ ಮುಖಗಳು ಇನ್ನೂ ಕಾಲೇಜಿನ ವಯಸ್ಸಿನವು. ಸರ್ಕಾರದ ಪಟ್ಟಿಯಲ್ಲೇ ದೇಶದಲ್ಲಿ ಕಾಣೆಯಾದವರು 1,20,000 ದಾಟಿದ್ದಾರೆ. ಎಲ್ಲಕ್ಕಿಂತ ಜಾಸ್ತಿ ಈ ಹಲಿಸ್ಕೊ ರಾಜ್ಯದಲ್ಲಿ, 15,000ಕ್ಕೂ ಹೆಚ್ಚು.

ಊರಿಗೆ ಫೋನ್ ಮಾಡಿದಾಗಲೆಲ್ಲ ಅದೇ ಮಾತು: “ಅಲ್ಲಿ ಡ್ರಗ್ಸ್ ಗ್ಯಾಂಗುಗಳ ಕಾಟವಂತೆ, ಹುಷಾರು ಮಾರಾಯ.” ನಿಜ. ಆದರೆ ಗ್ಯಾಂಗುಗಳು ಈ ಕಥೆಯ ಅರ್ಧ ಮಾತ್ರ. ಇನ್ನರ್ಧ ಸರ್ಕಾರಿ ಕಚೇರಿಯಲ್ಲಿ ಕೂತಿರುತ್ತದೆ.

2006ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಡ್ರಗ್ಸ್ ಗುಂಪುಗಳ ಮೇಲೆ ಸೈನ್ಯವನ್ನೇ ಬಿಟ್ಟರು. ಆ ಸಮರದ ಪೊಲೀಸ್ ಹೊಣೆ ಹೊತ್ತಿದ್ದವರು ಸಚಿವ ಹೆನಾರೊ ಗಾರ್ಸಿಯಾ ಲೂನಾ. ಮುಂದೆ 2019ರಲ್ಲಿ ಅವರು ಅಮೆರಿಕದಲ್ಲಿ ಸಿಕ್ಕಿಬಿದ್ದರು. ಸಿನಲೋವಾ ಎಂಬ ಡ್ರಗ್ಸ್ ಗುಂಪಿನಿಂದ ಲಂಚ ತಿಂದದ್ದು 2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಸಾಬೀತಾಯಿತು. 38 ವರ್ಷಕ್ಕೂ ಮೀರಿದ ಜೈಲು ಶಿಕ್ಷೆ ಆಯಿತು. ಯುದ್ಧ ನಡೆಸುವ ಸಚಿವನೇ ಎದುರಾಳಿಯಿಂದ ಸಂಬಳ ಪಡೆಯುತ್ತಿದ್ದರೆ, ಬೀದಿಯಲ್ಲಿ ಸಾಯುವವರು ಯಾರು? ಬಡವರ ಮಕ್ಕಳು, ಕೆಳಗಿನ ಪೊಲೀಸರು, ಸುಮ್ನೆ ದಾರಿಯಲ್ಲಿ ಹೋಗುತ್ತಿದ್ದವರು. 2018ರಿಂದ ಎಷ್ಟೋ ವರ್ಷ ಇಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಕೊಲೆಗಳಾದವು.

2014ರ ಸೆಪ್ಟೆಂಬರ್ 26ರ ರಾತ್ರಿ ಇಗ್ವಾಲಾ ಎಂಬಲ್ಲಿ ಶಿಕ್ಷಕರ ತರಬೇತಿ ಶಾಲೆಯ 43 ಹುಡುಗರು ಕಾಣೆಯಾದರು. ಅವರನ್ನು ಹಿಡಿದು ಗ್ಯಾಂಗಿನ ಕೈಗೆ ಒಪ್ಪಿಸಿದವರು ಪೊಲೀಸರು. ಆಮೇಲೆ ಸರ್ಕಾರ ಒಂದು ಕಥೆ ಕಟ್ಟಿ, ಇದೇ ಸತ್ಯ ಎಂದು ಸಾರಿತು. ಎಂಟು ವರ್ಷದ ನಂತರ ಸರ್ಕಾರದ್ದೇ ಸತ್ಯಶೋಧನಾ ಆಯೋಗ ಇದನ್ನು ಪ್ರಭುತ್ವದ ಅಪರಾಧ ಎಂದಿತು. ಆ ಹುಡುಗರನ್ನು ಹುಡುಕುವಾಗ ಇಗ್ವಾಲಾದ ಗುಡ್ಡಗಳಲ್ಲಿ ಬೇರೆ ಯಾರದೋ ಹೆಣಗಳು ಸಿಕ್ಕವು. ಕಾಣೆಯಾದ ಮಕ್ಕಳ ತಾಯಂದಿರು ಆಗಿನಿಂದ ಇನ್ನೂ ದೊಡ್ಡ ಸಂಖ್ಯೆಯಲ್ಲಿ ತಾವೇ ಹುಡುಕಲು ಹೊರಟರು.

ಅವರು ಹುಡುಕುವ ರೀತಿಯನ್ನು ಹೇಳಲೇಬೇಕು. ಉದ್ದನೆಯ ಕಬ್ಬಿಣದ ಸಲಾಕೆಯನ್ನು ಸುತ್ತಿಗೆಯಿಂದ ಹೊಡೆದು ಮಣ್ಣಿಗೆ ಇಳಿಸುತ್ತಾರೆ. ಮೇಲೆಳೆದು ತುದಿಯನ್ನು ಮೂಸುತ್ತಾರೆ. ಕೊಳೆತ ವಾಸನೆ ಬಂದರೆ ಗುದ್ದಲಿ ಹಿಡಿದು ಅಗೆಯುತ್ತಾರೆ. ಇದು ಪೊಲೀಸರ ಕೆಲಸ, ಅಲ್ವಾ? ಇಲ್ಲಿ ಅದನ್ನು ಟೋಪಿ ಹಾಕಿಕೊಂಡ, ನೀರಿನ ಬಾಟಲಿ ಹಿಡಿದ ಗೃಹಿಣಿಯರು ಮಾಡುತ್ತಿದ್ದಾರೆ. ಹೀಗೆ ಹುಡುಕಲು ಹೋದ ತಾಯಂದಿರಲ್ಲಿ ಕೆಲವರನ್ನು ಕೊಂದೂ ಇದ್ದಾರೆ.

2025ರ ಮಾರ್ಚಿನಲ್ಲಿ ಇಂಥದೇ ಒಂದು ಗುಂಪು ನಮ್ಮ ನಗರದಿಂದ ಸುಮಾರು 60 ಕಿ.ಮೀ. ದೂರದ ತೆವುಚಿತ್ಲಾನ್ ಬಳಿಯ ತೋಟವೊಂದಕ್ಕೆ ಹೋಯಿತು. ನೂರಾರು ಜೊತೆ ಶೂಗಳು, ಬ್ಯಾಗು, ಬಟ್ಟೆ, ಸುಟ್ಟ ಮೂಳೆಯ ಚೂರುಗಳು ಸಿಕ್ಕವು. ಒಳ್ಳೆಯ ಸಂಬಳದ ಕೆಲಸವಿದೆ ಎಂದು ಹುಡುಗರನ್ನು ಕರೆಸಿ, ಗ್ಯಾಂಗಿಗೆ ಬಲವಂತವಾಗಿ ಸೇರಿಸಿಕೊಂಡು ತರಬೇತಿ ಕೊಡುತ್ತಿದ್ದ ಜಾಗ ಅದು. ನನಗೆ ಹೊಟ್ಟೆಯಲ್ಲಿ ಸಂಕಟವಾಗುವ ವಿಷಯ ಬೇರೆ ಇದೆ. 2024ರ ಸೆಪ್ಟೆಂಬರಿನಲ್ಲೇ ಸರ್ಕಾರಿ ಪಡೆ ಆ ತೋಟದ ಮೇಲೆ ದಾಳಿ ಮಾಡಿ ಹತ್ತು ಜನರನ್ನು ಹಿಡಿದಿತ್ತು. ಆ ನಂತರದ ತನಿಖೆಯಲ್ಲಿ ಆ ಶೂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಮುಂದೆ ಗ್ಯಾಂಗಿನ ಜೊತೆ ಕೈಜೋಡಿಸಿದ ಆರೋಪದ ಮೇಲೆ ಆ ಊರಿನ ಮೇಯರನ್ನೇ ಬಂಧಿಸಿದರು.

ಕೆಲಸದ ಆಸೆ ತೋರಿಸಿ ಸಾವಿನ ಬಾಯಿಗೆ ತಳ್ಳುವುದು ನಮಗೂ ಹೊಸದಲ್ಲ. ಕಲಬುರಗಿಯ ಹುಡುಗರನ್ನು ಹೀಗೇ ನಂಬಿಸಿ ರಷ್ಯಾದ ಯುದ್ಧಕ್ಕೆ ಸಾಗಿಸಿದ್ದು 2024ರಲ್ಲಿ ಸುದ್ದಿಯಾಗಿತ್ತು.

ಆಫೀಸಿನಲ್ಲಿ ತೆವುಚಿತ್ಲಾನ್ ಮಾತು ಬಂದಾಗ ಒಬ್ಬ ಸಹೋದ್ಯೋಗಿ, “ಆ ಹುಡುಗರೂ ಏನೋ ಮಾಡಿಕೊಂಡೇ ಇರುತ್ತಾರೆ ಬಿಡಿ” ಅಂದರು. ಕೆಟ್ಟ ಮನುಷ್ಯರೇನಲ್ಲ. ಭಯಕ್ಕೆ ಹಾಗನ್ನುತ್ತಾರೆ. ತಪ್ಪು ಮಾಡದಿದ್ದರೆ ನಮ್ಮ ಮಗನಿಗೆ ಏನೂ ಆಗದು ಎಂಬ ಧೈರ್ಯ ಬೇಕು ಅವರಿಗೆ. ಡ್ರಗ್ಸ್ ಚಟಕ್ಕೆ ಬಿದ್ದ ಹುಡುಗರ ಬಗ್ಗೆ ನಮ್ಮ ಓಣಿಯಲ್ಲೂ ಇದೇ ಮಾತಿದೆ: “ಆ ಹುಡುಗ ಮೊದಲಿಂದಲೂ ಸರಿ ಇರಲಿಲ್ಲ.” ಹೀಗಂದ ಕೂಡಲೇ ಮಾತು ಅಲ್ಲಿಗೇ ಮುಗಿಯುತ್ತದೆ. ಅವನಿಗೆ ಮಾರಿದವರು ಯಾರು, ಮಾರಲು ಬಿಟ್ಟವರು ಯಾರು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಕರ್ನಾಟಕ ಮೆಕ್ಸಿಕೊ ಆಗಿಬಿಟ್ಟಿದೆ ಎಂದು ಹೆದರಿಸಲು ನಾನು ಬರೆಯುತ್ತಿಲ್ಲ. ಪಕ್ಕದ ಅಮೆರಿಕ ಇಲ್ಲಿಂದ ಹೋಗುವ ಡ್ರಗ್ಸನ್ನು ಕೊಳ್ಳುತ್ತದೆ, ಅಲ್ಲಿಂದ ಬಂದೂಕುಗಳು ಇಲ್ಲಿಗೆ ಬರುತ್ತವೆ. ನಮ್ಮಲ್ಲಿ ಆ ಪರಿಸ್ಥಿತಿ ಇಲ್ಲ. ಆದರೆ ನಾವು ಜಾಗೃತಿ ಎಂದು ಮಾಡುತ್ತಿರುವುದರ ಬಗ್ಗೆ ನನಗೆ ತಕರಾರಿದೆ. ಪ್ರತಿ ಜೂನ್ 26ಕ್ಕೆ, ಮಾದಕವಸ್ತು ವಿರೋಧಿ ದಿನವೆಂದು, ಶಾಲೆ ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ. ಅಧಿಕಾರಿಗಳ ಭಾಷಣ, ಪ್ರತಿಜ್ಞೆ, ಮರುದಿನ ಪೇಪರಿನಲ್ಲಿ ಫೋಟೋ. ಮಕ್ಕಳಿಗೆ ಬುದ್ಧಿ ಹೇಳೋಣ, ಬೇಡ ಅನ್ನುವುದಿಲ್ಲ. ವ್ಯವಸ್ಥೆಯ ಲೆಕ್ಕ ಯಾವಾಗ ಕೇಳೋಣ? 2020ರಲ್ಲಿ ನಟಿಯರ ಬಂಧನವಾದಾಗ ಟಿವಿಗಳು ವಾರಗಟ್ಟಲೆ ಅವರ ಮುಖವನ್ನೇ ತೋರಿಸಿದವು. ಮಾಲು ಯಾವ ದಾರಿಯಲ್ಲಿ ಬಂತು ಎಂಬುದು ಆ ಗದ್ದಲದಲ್ಲಿ ಮುಳುಗಿಹೋಯಿತು.

ಒಳ್ಳೆಯ ಕೆಲಸವೂ ಆಗಿದೆ, ಹೇಳಬೇಕು. ಮಂಗಳೂರು ಪೊಲೀಸರು ಎಂಡಿಎಂಎ ಎಂಬ ಡ್ರಗ್ಸ್ ಕೆಲವೇ ಗ್ರಾಂ ಸಿಕ್ಕ ಕೇಸನ್ನು ಬಿಡದೆ ಬೆನ್ನುಹತ್ತಿದರು. 2025ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಇಬ್ಬರು ವಿದೇಶಿ ಮಹಿಳೆಯರ ಬಳಿ ಸುಮಾರು 37 ಕೆ.ಜಿ. ಹಿಡಿದರು. ಆ ತಾಳ್ಮೆಗೆ ನಿಜಕ್ಕೂ ಶಹಬ್ಬಾಸ್ ಅನ್ನಬೇಕು. ಆದರೆ ಅಷ್ಟು ಮಾಲು ದೆಹಲಿಯಿಂದ ವಿಮಾನದಲ್ಲಿ ಹೇಗೆ ಬಂತು? ಅದೇ ವರ್ಷ ಜುಲೈಯಲ್ಲಿ ಮೈಸೂರಿನಲ್ಲಿ ಕೋಟಿಗಟ್ಟಲೆ ಬೆಲೆಯ ಎಂಡಿ (ಮೆಫೆಡ್ರೋನ್ ಎಂಬ ಇನ್ನೊಂದು ಡ್ರಗ್ಸ್) ಹಿಡಿಯಲು ಮುಂಬೈ ಪೊಲೀಸರೇ ಬರಬೇಕಾಯಿತು. ಸ್ಥಳೀಯರಿಗೆ ಯಾಕೆ ಗೊತ್ತಾಗಲಿಲ್ಲ? ಉತ್ತರ ಅಸಡ್ಡೆಯೋ, ಮಾಮೂಲೋ, ಇನ್ನೇನೋ, ದೂರ ಕೂತ ನಾನು ತೀರ್ಪು ಕೊಡಲಾರೆ. ಉತ್ತರ ಬರುವ ತನಕ ಕೇಳುತ್ತಲೇ ಇರುವುದು ಮಾತ್ರ ನಮ್ಮ ಕೆಲಸ.

ಇಲ್ಲಿ ಕೇಳಿದವರು ಪ್ರಾಣ ತೆತ್ತಿದ್ದಾರೆ. ಕುಲಿಯಾಕಾನ್‌ನ ಪತ್ರಕರ್ತ ಹಾವಿಯೇರ್ ವಾಲ್ದೇಸ್ ಅವರನ್ನು 2017ರಲ್ಲಿ ಅವರ ವಾರಪತ್ರಿಕೆಯ ಕಚೇರಿ ಹತ್ತಿರವೇ, ಹಾಡಹಗಲೇ ಗುಂಡಿಟ್ಟು ಕೊಂದರು. ಗ್ಯಾಂಗುಗಳ ವಿರುದ್ಧ ಗಟ್ಟಿಯಾಗಿ ಮಾತಾಡುತ್ತಿದ್ದ ಉರುವಾಪಾನ್ ಮೇಯರ್ ಕಾರ್ಲೋಸ್ ಮಾನ್ಸೋ ಅವರನ್ನು 2025ರ ನವೆಂಬರ್ 1ರಂದು ಹಬ್ಬದ ಜನಜಂಗುಳಿಯ ನಡುವೆಯೇ ಕೊಂದರು. ನಮ್ಮಲ್ಲಿ ಕೇಳುವುದು ಇನ್ನೂ ಅಷ್ಟು ದುಬಾರಿಯಾಗಿಲ್ಲ. ಆಗುವ ಮೊದಲೇ ಕೇಳುವ ಅಭ್ಯಾಸ ಬರಲಿ.

ಮನೆಯಲ್ಲಿ ಯಾರಾದರೂ ಚಟಕ್ಕೆ ಬಿದ್ದಿದ್ದರೆ ಮುಚ್ಚಿಡಬೇಡಿ. 14446ಕ್ಕೆ ಫೋನ್ ಮಾಡಬಹುದು, ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರ ಮಾನ್ಯ ಮಾಡಿದ ಕಡೆ ಪೂರ್ತಿ ಚಿಕಿತ್ಸೆ ಪಡೆದರೆ, ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಈ ವಿಷಯ ಎಷ್ಟು ಅಪ್ಪ ಅಮ್ಮಂದಿರಿಗೆ ಗೊತ್ತು? ಜಾಥಾದಲ್ಲಿ ಇದನ್ನು ಹೇಳಲಿ.

ಮುಂದಿನ ಜೂನ್ 26ಕ್ಕೆ ನಿಮ್ಮೂರಿನಲ್ಲಿ ಕಾರ್ಯಕ್ರಮವಾದರೆ ವೇದಿಕೆಯಲ್ಲಿರುವ ಅಧಿಕಾರಿಯನ್ನು ಕೇಳಿ. ಕಳೆದ ವರ್ಷ ಈ ಠಾಣೆಯಲ್ಲಿ ಎಷ್ಟು ಡ್ರಗ್ಸ್ ಕೇಸು? ಸೇದಿದವರ ಮೇಲೆ ಎಷ್ಟು, ಮಾರಿದವರ ಮೇಲೆ ಎಷ್ಟು? ಎಷ್ಟರಲ್ಲಿ ಶಿಕ್ಷೆಯಾಯಿತು? ಹಿಡಿದ ಮಾಲು ಎಲ್ಲಿದೆ? ಅಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ.