ಹಲೋ ಅಂದ ಕೂಡಲೇ ಹೂಂ ಅನ್ನಬೇಡಿ

ಹೊಸ ಐಫೋನ್ ಆನ್ ಮಾಡಿದರೆ ಅದು ಮೊದಲು ನಾನಾ ಭಾಷೆಗಳಲ್ಲಿ ‘ಹಲೋ’ ಎನ್ನುತ್ತದೆ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹಾರುವವರ ಅರ್ಧ ಫಜೀತಿ ಹುಟ್ಟುವುದು ಈ ಹಲೋ ಮುಗಿದ ಐದೇ ನಿಮಿಷದಲ್ಲಿ. ಅಂಗಡಿಯ ಹುಡುಗ ‘ಸರ್, ಕೊಡಿ ಇಲ್ಲಿ, ನಾನೇ ಸೆಟಪ್ ಮಾಡ್ಕೊಡ್ತೀನಿ’ ಅಂತ ಇಸ್ಕೊಂಡು, ಕೇಳಿದ್ದಕ್ಕೆಲ್ಲ ಸ್ಕಿಪ್ ಒತ್ತಿ, ಮೇಲೊಂದು ಗಾಜು ಅಂಟಿಸಿ ಕೈಗಿಡುತ್ತಾನೆ. ಅವನು ಸ್ಕಿಪ್ ಒತ್ತಿದ ಪರದೆಗಳಲ್ಲಿ ‘ಫ್ರಮ್ ಆಂಡ್ರಾಯ್ಡ್’ ಅನ್ನುವುದೂ ಒಂದು. ಹಳೇ ಫೋನಿನ ಸಂಸಾರವನ್ನೆಲ್ಲ ಒಟ್ಟಿಗೆ ಎತ್ತಿ ತರುವ ಬಾಗಿಲು ಅದು, ಸೆಟಪ್ ನಡೆಯುವಾಗ ತೆರೆಯುತ್ತದೆ, ಮುಗಿದ ಮೇಲೆ ಮುಚ್ಚುತ್ತದೆ. ಮತ್ತೆ ಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರ ತಳದಲ್ಲಿ ಟ್ರಾನ್ಸ್‌ಫರ್ ಆರ್ ರೀಸೆಟ್, ಅಲ್ಲಿ ಎರೇಸ್ ಆಲ್. ಅಂದರೆ ಅಂಗಡಿ ಮುಂದೆ ತೆಗೆದ ಸೆಲ್ಫಿಗಳ ಸಮೇತ ಎಲ್ಲವನ್ನೂ ಅಳಿಸಿ, ಇನ್ನೊಮ್ಮೆ ಹಲೋ.

ಈ ಸಾಗಣೆ ಮಾಡುವ ಆ್ಯಪ್ ‘ಮೂವ್ ಟು ಐಓಎಸ್’. 2015ರಿಂದ ಇದೆ, ಹಾಕಿಕೊಳ್ಳಬೇಕಾದ್ದು ಹಳೇ ಆಂಡ್ರಾಯ್ಡ್‌ನಲ್ಲಿ. ಐಫೋನ್ ಒಂದು ಕೋಡ್ ತೋರಿಸುತ್ತದೆ, ಅದನ್ನು ಆಂಡ್ರಾಯ್ಡ್‌ನಲ್ಲಿ ಒತ್ತಿದರೆ ಐಫೋನ್ ತನ್ನದೇ ತಾತ್ಕಾಲಿಕ ವೈಫೈ ಹುಟ್ಟಿಸಿ ಹಳೇ ಫೋನನ್ನು ಅದಕ್ಕೆ ಕಟ್ಟಿಕೊಳ್ಳುತ್ತದೆ. ತಕರಾರು ಶುರುವಾಗುವುದು ಇಲ್ಲೇ. ಆ ವೈಫೈಗೆ ಇಂಟರ್ನೆಟ್ ಇಲ್ಲ. ಆಂಡ್ರಾಯ್ಡ್ ಭಾರೀ ಬುದ್ಧಿವಂತನಂತೆ ‘ಇಲ್ಲಿ ನೆಟ್ ಇಲ್ವಲ್ಲ’ ಅಂದುಕೊಂಡು ಮೊಬೈಲ್ ಡೇಟಾಕ್ಕೋ ಮನೆಯ ವೈಫೈಗೋ ಜಿಗಿಯುತ್ತದೆ, ಸಾಗಣೆ ನಡುದಾರಿಯಲ್ಲಿ ಕಡಿಯುತ್ತದೆ. ಆದ್ದರಿಂದ ಕೋಡ್ ಒತ್ತುವ ಮೊದಲೇ ಮೊಬೈಲ್ ಡೇಟಾ ಆಫ್ ಮಾಡಿ, ತಾನೇ ನೆಟ್‌ವರ್ಕ್ ಬದಲಿಸುವ ಸೌಲಭ್ಯವಿದ್ದರೆ ಅದನ್ನೂ ಆಫ್ ಮಾಡಿ. ಎರಡೂ ಫೋನು ಚಾರ್ಜರಿನಲ್ಲಿರಲಿ. ನಡುವೆ ಹಳೇ ಫೋನೆತ್ತಿ ಕ್ರಿಕೆಟ್ ಸ್ಕೋರ್ ನೋಡಿದರೂ ಕೆಟ್ಟಿತು, ಆ ಪರದೆ ಬಿಟ್ಟು ಅಲ್ಲಾಡಬಾರದು. ಆಂಡ್ರಾಯ್ಡ್ ‘ಮುಗೀತು’ ಎಂದು ಷರಾ ಬರೆದರೂ ನಂಬಬೇಡಿ, ಐಫೋನಿನ ಪರದೆಯಲ್ಲಿ ತೆವಳುವ ಲೋಡಿಂಗ್ ಪಟ್ಟಿ ಕೊನೆ ಮುಟ್ಟುವವರೆಗೆ ಮುಗಿದಿಲ್ಲ. ಜಾಗದ ಲೆಕ್ಕಕ್ಕೆ ಮೆಮೊರಿ ಕಾರ್ಡನ್ನೂ ಸೇರಿಸಿ. ಕಾರ್ಡಿನಲ್ಲಿ ಹತ್ತು ವರ್ಷದ ಮದುವೆ ವಿಡಿಯೋ ತುಂಬಿಟ್ಟುಕೊಂಡು 128 ಜಿಬಿ ಐಫೋನ್ ತಂದರೆ, ಸೇರಿನ ಪಾತ್ರೆಗೆ ಕೊಳಗದಷ್ಟು ಸುರಿದ ಹಾಗೆ.

ವಾಟ್ಸಾಪ್ ಕತೆ ಬೇರೆಯೇ. ‘ದಿನಾ ರಾತ್ರಿ ಬ್ಯಾಕಪ್ ಆಗತ್ತೆ, ನಂಗೇನು ಚಿಂತೆ’ ಅನ್ನುವವರು ಇಲ್ಲಿ ಮುಗ್ಗರಿಸುತ್ತಾರೆ. ಆ ಬ್ಯಾಕಪ್ ಇರುವುದು ಗೂಗಲ್ ಡ್ರೈವ್‌ನಲ್ಲಿ, ಐಫೋನಿನ ವಾಟ್ಸಾಪ್ ಓದುವುದು ಐಕ್ಲೌಡ್ ಮಾತ್ರ. ಒಂದೇ ಆ್ಯಪ್, ಆದರೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯುವುದಿಲ್ಲ. ದಾರಿ ಸಿಕ್ಕಿದ್ದು 2022ರಲ್ಲಿ, ಅದೂ ಮೂವ್ ಟು ಐಓಎಸ್ ಮೂಲಕವೇ. ಪಟ್ಟಿಯಲ್ಲಿ ವಾಟ್ಸಾಪ್ ಗುರುತು ಹಾಕಿ, ಸ್ಟಾರ್ಟ್ ಒತ್ತಿ, ಅದು ಸಿದ್ಧವಾಗುವವರೆಗೆ ಕಾದು, ಸಾಗಿಸಿ, ಐಫೋನಿನಲ್ಲಿ ಅದೇ ನಂಬರಿನಿಂದ ಒಳಹೋಗಬೇಕು. ಹರಟೆ, ಫೋಟೋ, ಗುಂಪು ಎಲ್ಲ ಬರುತ್ತವೆ. ಕರೆಗಳ ಪಟ್ಟಿ ಬರುವುದಿಲ್ಲ. ಅತ್ತೆ ಫಾರ್ವರ್ಡ್ ಮಾಡಿದ ಗುಲಾಬಿ ಹೂವಿನ ಶುಭೋದಯಗಳು ಮಾತ್ರ ಒಂದೂ ಬಿಡದೆ ಬಂದು ಕೂರುತ್ತವೆ.

ಎಲ್ಲ ಬಂತು ಅಂತ ನಿಟ್ಟುಸಿರು ಬಿಟ್ಟು ಪ್ಲಂಬರಿಗೆ ಫೋನ್ ಮಾಡಲು ಹೋದರೆ ‘ಪ’ದಲ್ಲಿ ಪ್ಲಂಬರ್ ಇಲ್ಲ. ನಮ್ಮಲ್ಲಿ ಹೆಸರು ಉಳಿಸುವ ಕ್ರಮ ಗೊತ್ತಲ್ಲ: ಪ್ಲಂಬರ್ ಮಂಜು, ಹಾಲು ಮಂಜು, ಆಟೋ ಮಂಜು, ಗೀಸರ್ ಮಂಜು. ಆಂಡ್ರಾಯ್ಡ್ ಇದನ್ನು ಎರಡು ಭಾಗ ಮಾಡಿ, ಪ್ಲಂಬರ್ ಹೆಸರು, ಮಂಜು ಮನೆತನ ಎಂದು ಬರೆದಿಟ್ಟಿರುತ್ತದೆ. ಐಫೋನ್ ಸಾಮಾನ್ಯವಾಗಿ ಮನೆತನದ ಪ್ರಕಾರ ಜೋಡಿಸುತ್ತದೆ. ಹಾಗಾಗಿ ನಾಲ್ಕೂ ಮಂಜುಗಳು ಒಂದೇ ವಂಶದವರಾಗಿ ಎಮ್ ಅಕ್ಷರದ ಕೆಳಗೆ ಸಾಲಾಗಿ ನಿಂತಿರುತ್ತಾರೆ. ಕಾಂಟ್ಯಾಕ್ಟ್ಸ್ ಸೆಟ್ಟಿಂಗಿನಲ್ಲಿ ಸಾರ್ಟ್ ಆರ್ಡರ್ ಅನ್ನು ‘ಫಸ್ಟ್, ಲಾಸ್ಟ್’ ಮಾಡಿದರೆ ಪ್ಲಂಬರ್ ವಾಪಸ್ ಬರುತ್ತಾನೆ. ಫೋನಿನಲ್ಲಿ ಮಾತ್ರ, ಮನೆಗೆ ಬರುವ ಗ್ಯಾರಂಟಿ ಯಾವ ಕಂಪನಿಯೂ ಕೊಟ್ಟಿಲ್ಲ. ಸಿಮ್‌ನಲ್ಲಿ ಉಳಿದ ನಂಬರುಗಳಿಗೆ ಅಲ್ಲೇ ‘ಇಂಪೋರ್ಟ್ ಸಿಮ್ ಕಾಂಟ್ಯಾಕ್ಟ್ಸ್’ ಇದೆ.

ಯುಪಿಐ ಆ್ಯಪ್‌ಗಳು ಹೊಸ ಫೋನಿನಲ್ಲಿ ನಿಮ್ಮನ್ನು ಗುರುತು ಹಿಡಿಯುವುದಿಲ್ಲ, ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಲೇಬೇಕು. ಆಂಡ್ರಾಯ್ಡ್‌ನಲ್ಲಿ ಅದು ಸದ್ದಿಲ್ಲದೆ ಹೋಗುತ್ತದೆ. ಐಫೋನ್ ಯಾವ ಆ್ಯಪಿಗೂ ಹಾಗೆ ಕದ್ದು ಕಳಿಸಲು ಬಿಡುವುದಿಲ್ಲ. ಮೆಸೇಜ್ ಕಿಟಕಿ ತೆರೆದು ತಲೆಬುಡವಿಲ್ಲದ ಅಕ್ಷರಮಾಲೆ ತೋರಿಸುತ್ತದೆ. ಏನೋ ವೈರಸ್ ಅಂತ ಹೆದರಿ ಅಳಿಸುವವರೇ ಹೆಚ್ಚು. ಅಳಿಸಬೇಡಿ, ಒಂದಕ್ಷರ ಮುಟ್ಟದೆ ಸೆಂಡ್ ಒತ್ತಿ. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಹೋಗಬೇಕು, ಅದರಲ್ಲಿ ಎಸ್‌ಎಂಎಸ್ ಕಳಿಸುವಷ್ಟು ದುಡ್ಡೂ ಇರಬೇಕು. ಆಮೇಲೂ ಮೊದಲ 24 ಗಂಟೆ, ಕೆಲವು ಬ್ಯಾಂಕುಗಳಲ್ಲಿ ಅದಕ್ಕೂ ಹೆಚ್ಚು ಹೊತ್ತು, 5,000 ರೂಪಾಯಿಯ ಮಿತಿ. ಮನೆ ಬಾಡಿಗೆ ಕಟ್ಟುವ ದಿನ ಫೋನ್ ಬದಲಿಸಬಾರದು ಅನ್ನುವುದು ಇದಕ್ಕೇ.

ಟೈಪ್ ಮಾಡುವುದಕ್ಕೆ ಐಫೋನಿನಲ್ಲಿ ಕನ್ನಡ ಕೀಲಿಮಣೆ 2017ರಿಂದ ಇದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಸೇರಿಸಿಕೊಂಡು, ಗೋಳದ ಗುರುತು ಒತ್ತಿ ಬದಲಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ akka ಎಂದು ಕುಟ್ಟಿ ಕನ್ನಡ ಬರಿಸಿಕೊಂಡವರಿಗೆ ಅ, ಕ, ್, ಕ ಎಂದು ಒತ್ತು ಹುಡುಕುವುದು ಒಂದು ವಾರದ ತಪಸ್ಸು. ಬೇರೆ ಕಂಪನಿಯ ಕೀಲಿಮಣೆ ಹಾಕಿಕೊಂಡರೂ ಪಾಸ್‌ವರ್ಡ್ ಬಂದಾಗ ಐಫೋನ್ ಅದನ್ನು ಸರಿಸಿ ತನ್ನದನ್ನೇ ತರುತ್ತದೆ. ಇದು ದೋಷವಲ್ಲ, ಕಾವಲು.

ಬ್ಯಾಕ್ ಬಟನ್ ಹುಡುಕಿ ಪರದೆಯ ತಳ ತಿವಿಯುವ ಬೆರಳಿಗೆ ಮದ್ದಿಲ್ಲ. ಎಡ ಅಂಚಿನಿಂದ ಒಳಗೆ ಸವರಿ, ಅಷ್ಟೇ.

ಇನ್ನು ಹಳೇ ಫೋನ್. ಒಂದು ವಾರ ಹಾಗೇ ಇರಲಿ, ಓಟಿಪಿ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪಿನ ಖಾತೆಗಳನ್ನು ಕ್ಯೂಆರ್ ತೋರಿಸಿ ದಾಟಿಸುವವರೆಗಂತೂ ಅಳಿಸಲೇಬೇಡಿ. ಆಮೇಲೆ ಮೊದಲು ಗೂಗಲ್ ಖಾತೆ ತೆಗೆದು, ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿ. ಖಾತೆ ತೆಗೆಯದೆ ಪವರ್, ವಾಲ್ಯೂಮ್ ಗುಂಡಿ ಒಟ್ಟಿಗೆ ಹಿಡಿದು ಅಳಿಸಿದರೆ ಕಳ್ಳರಿಗೆಂದು ಇಟ್ಟ ಬೀಗ ಬೀಳುತ್ತದೆ. ಊರಿನಲ್ಲಿ ಅಮ್ಮ ಫೋನ್ ಆನ್ ಮಾಡಿದರೆ ಅದು ಹಳೇ ಒಡೆಯನ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ನೆನಪಿಲ್ಲ ಅಂದರೆ ಓಟಿಪಿ ಕಳಿಸುತ್ತದೆ. ಫೋನ್ ತೀರ್ಥಹಳ್ಳಿಯಲ್ಲಿ, ಓಟಿಪಿ ಬೆಂಗಳೂರಿನಲ್ಲಿ, ಅಮ್ಮ ಲ್ಯಾಂಡ್‌ಲೈನಿನಲ್ಲಿ: ‘ಏನೋ ಇದು, ನಿನ್ ಹೆಸ್ರು ಹೇಳಿದ್ರೂ ಬಿಡಲ್ಲ ಅಂತಿದೆ?’