ಹುಳಕ್ಕೆ ಜಿಎಸ್‌ಟಿ ಇಲ್ಲ

ಕಳೆದ ವಾರ ಒಂದೇ ರೀಲ್ ನನ್ನ ಫೋನಿಗೆ ಮೂರು ಕಡೆಯಿಂದ ಬಂತು. ಫ್ಯಾಮಿಲಿ ಗ್ರೂಪಿನಿಂದ, ಅಪಾರ್ಟ್‌ಮೆಂಟ್ ಗ್ರೂಪಿನಿಂದ, ಮತ್ತೆ ಎರಡು ವರ್ಷದಿಂದ ಒಂದು ಮಾತೂ ಆಡದ ಒಬ್ಬ ಗೆಳೆಯನಿಂದ. ನೀವೂ ನೋಡಿರುತ್ತೀರಿ. ಒಬ್ಬರು ಹಾಲಿನಂಥ ಬಿಳಿ ಅಡುಗೆಮನೆಯಲ್ಲಿ ನಿಂತು, ಒಂದು ತಿಂಗಳು ಅಂಗಡಿ ಕಡೆ ತಲೆ ಹಾಕಬೇಡಿ, ಮನೆಯಲ್ಲಿ ಇರೋದರಲ್ಲೇ ಅಡುಗೆ ಮಾಡಿ, ಸಾವಿರಾರು ರೂಪಾಯಿ ಉಳಿಸಿ ಅಂತ ಹೇಳುತ್ತಾರೆ. ಇದಕ್ಕೆ ಪ್ಯಾಂಟ್ರಿ ಚಾಲೆಂಜ್ ಅಂತ ಹೆಸರು. ಅವರ ಬೆನ್ನ ಹಿಂದೆ ಗೋಡೆ ತುಂಬ ಗಾಜಿನ ಜಾಡಿ. ಎಲ್ಲಕ್ಕೂ ಒಂದೇ ಎತ್ತರ, ಒಂದೇ ಥರದ ಬಿದಿರಿನ ಮುಚ್ಚಳ, ಮುದ್ದಾದ ಲೇಬಲ್. ಆ ಜಾಡಿಗಳ ದುಡ್ಡಿಗೆ ನಮ್ಮ ಮನೆಗೆ ಒಂದು ವರ್ಷದ ತೊಗರಿಬೇಳೆ ಬರುತ್ತದೆ.

ನಮ್ಮಜ್ಜಿ ಜೀವಮಾನವಿಡೀ ಈ ಚಾಲೆಂಜ್ ಮಾಡಿದಳು. ಪಾಪ, ಅದು ಚಾಲೆಂಜ್ ಅಂತ ಅವಳಿಗೆ ಯಾರೂ ಹೇಳಲಿಲ್ಲ. ವಾಡೆಯಲ್ಲಿ ರಾಗಿ, ಗುಡಾಣದಲ್ಲಿ ಹುರುಳಿ, ಅಟ್ಟದ ಮೇಲೆ ತೆಂಗಿನಕಾಯಿ, ಭರಣಿಯಲ್ಲಿ ಉಪ್ಪಿನಕಾಯಿ, ಸಾಸಿವೆ ಡಬ್ಬಿಯ ತಳದಲ್ಲಿ ತಾತನಿಗೆ ಗೊತ್ತಿಲ್ಲದ ದುಡ್ಡು. ಮಳೆಗಾಲದಲ್ಲಿ ಸಂತೆ ನಡೆಯದಿದ್ದರೆ ಒಣಗಿಸಿಟ್ಟ ಅವರೆಕಾಳು ಹೊರಗೆ ಬರುತ್ತಿತ್ತು. ಸಕ್ಕರೆ ಮುಗಿದರೆ ಪಕ್ಕದ ಮನೆಗೆ ಒಂದು ಲೋಟ ಕೊಟ್ಟು ನನ್ನನ್ನು ಓಡಿಸುತ್ತಿದ್ದಳು. ಹತ್ತು ನಿಮಿಷದ ಡೆಲಿವರಿ ಅಂತ ಈಗ ಕುಣಿಯುತ್ತಾರಲ್ಲ, ಆಗ ಅದು ಎರಡೇ ನಿಮಿಷ. ಹ್ಯಾಂಡ್ಲಿಂಗ್ ಚಾರ್ಜ್ ಇಲ್ಲ, ಮಳೆ ಬಂದರೆ ಮಳೆ ಚಾರ್ಜ್ ಇಲ್ಲ, ಬದಲಿಗೆ ಆ ಮನೆಯವರು ನನ್ನ ಕೈಗೆ ಒಂದು ಚೂರು ಬೆಲ್ಲ ಬೇರೆ ಇಡುತ್ತಿದ್ದರು.

ಇರಲಿ. ನಾನೂ ಚಾಲೆಂಜ್ ಮಾಡೋಣ ಅಂತ ನಮ್ಮ ಅಡುಗೆಮನೆಯ ಕಪಾಟು ತೆಗೆದೆ. ಸಿಕ್ಕಿದ್ದು: ಶಾವಿಗೆ ಮೂರು ಪ್ಯಾಕೆಟ್, ಯಾವುದೋ ಡಾಕ್ಟರ್ ಮಾತು ಕೇಳಿ ತಂದ ಓಟ್ಸ್, ಯಾರ ಮಾತನ್ನೂ ಕೇಳದೆ ತಂದ ಕಿನೋವಾ, ಅಮ್ಮ ಕಳಿಸಿದ ಹುರುಳಿ, ಸಂಡಿಗೆ, ಬಾಳಕದ ಮೆಣಸು, ಮತ್ತೆ ಎರಡು ಕೆಜಿ ನವಣೆ. ಈ ನವಣೆ 2023ರದ್ದು. ಅದು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ, ದೇಶದ ಮೇಲಿನ ಅಭಿಮಾನದಿಂದ ತಂದಿದ್ದೆ. ವರ್ಷ ಮುಗಿಯಿತು, ನವಣೆ ಮುಗಿದಿಲ್ಲ. ಮುಖ್ಯವಾಗಿ ಅಕ್ಕಿಯೇ ಇರಲಿಲ್ಲ. ಇರೋದರಲ್ಲೇ ಅಡುಗೆ ಮಾಡಬೇಕಾದರೆ ಮೊದಲು ಏನಾದರೂ ಇರಬೇಕಲ್ಲ. ಹಾಗಾಗಿ ಅಂಗಡಿಗೆ ಹೋಗಬೇಡಿ ಅನ್ನುವ ಚಾಲೆಂಜಿನ ಮೊದಲ ದಿನವೇ ಅಂಗಡಿಗೆ ಹೋದೆ.

ಹತ್ತು ಕೆಜಿ ಅಕ್ಕಿ ಕೇಳಿದೆ. ಅಂಗಡಿಯವರು ನನ್ನನ್ನು ಕನಿಕರದಿಂದ ನೋಡಿದರು.

'ಹತ್ತು ಯಾಕೆ ಸಾರ್? ಇಪ್ಪತ್ತಾರು ತಗೊಳ್ಳಿ. ಟ್ಯಾಕ್ಸ್ ಬೀಳಲ್ಲ.'

ಈ ಇಪ್ಪತ್ತಾರರ ಕಥೆ ನಿಮಗೆ ಗೊತ್ತೇ ಇದೆ, ಆದರೂ ನನಗೆ ಪ್ರತಿ ಸಲ ಹೊಸದಾಗಿ ಸಿಟ್ಟು ಬರುತ್ತದೆ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆಲ್ಲ 5 ಪರ್ಸೆಂಟ್ ಜಿಎಸ್‌ಟಿ. ಅದಕ್ಕೆ ಮುಂಚೆ ಬ್ರ್ಯಾಂಡ್ ಇದ್ದದ್ದಕ್ಕೆ ಮಾತ್ರ ಇತ್ತು. ಆದರೆ 25 ಕೆಜಿ ದಾಟಿದ ಮೂಟೆ ಈ ಪ್ಯಾಕೆಟ್ ಅನ್ನೋ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೆ ತೆರಿಗೆ ಇಲ್ಲ. ಮಿಲ್ಲಿನವರೇನು ದಡ್ಡರೇ? 25ರ ಮೂಟೆಗೆ ಒಂದು ಕೆಜಿ ಸೇರಿಸಿ ಹೊಲಿದರು. ಜಗತ್ತಿನ ಯಾವ ಅಡುಗೆಮನೆಯಲ್ಲೂ ಇಪ್ಪತ್ತಾರು ಅನ್ನುವ ಅಳತೆ ಇರಲಿಲ್ಲ. ಪಾವು ಇತ್ತು, ಸೇರು ಇತ್ತು, ಕೊಳಗ ಇತ್ತು. ಇಪ್ಪತ್ತಾರನ್ನು ಕಂಡುಹಿಡಿದ ಕೀರ್ತಿ ನಮ್ಮ ಜಿಎಸ್‌ಟಿಗೇ ಸೇರಬೇಕು. ಯಾರಾದರೂ ಹತ್ತು ಹತ್ತು ಕೆಜಿಯ ಪ್ಯಾಕೆಟ್ಟುಗಳನ್ನು ಒಂದು ದೊಡ್ಡ ಚೀಲಕ್ಕೆ ತುರುಕಿ ಜಾಣತನ ಮಾಡಿಯಾರು ಅಂತ ಅದಕ್ಕೂ ಮೊದಲೇ ವಿವರಣೆ ಬಂದಿತ್ತು: ಹಾಗೆ ಮಾಡಿದರೆ ತೆರಿಗೆ ಉಂಟು. ಇಷ್ಟು ದೂರದ ಯೋಚನೆ ನಮ್ಮ ರಸ್ತೆ ಗುಂಡಿಗಳ ಬಗ್ಗೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ಅದೇ ದಿನ ಪ್ಯಾಕೆಟ್ ಮೊಸರು, ಮಜ್ಜಿಗೆಗೂ ತೆರಿಗೆ ಬಿತ್ತು. ಊರಿನಲ್ಲಿ ಮಜ್ಜಿಗೆ ಮಾರಿದರೆ ಮಾನ ಹೋಗುತ್ತದೆ ಅನ್ನುತ್ತಿದ್ದ ಕಾಲ ಒಂದಿತ್ತು. ಚೆಂಬು ಹಿಡಿದು ಬಂದವರಿಗೆಲ್ಲ ಸುಮ್ನೆ ಹುಯ್ದು ಕಳಿಸುತ್ತಿದ್ದರು. ಮಜ್ಜಿಗೆಗೆ ಬಂದವನಿಗೆ ಎಮ್ಮೆ ಕ್ರಯ ಯಾಕೆ ಅಂತ ಗಾದೆ ಬೇರೆ. ಈಗ ಎಮ್ಮೆ ಕ್ರಯ ಬೇಡ, ಟ್ಯಾಕ್ಸ್ ರೇಟ್ ಗೊತ್ತಿದ್ದರೆ ಸಾಕು.

ತೆರಿಗೆ ಮತ್ತು ತಿಂಡಿ ಅಂದ ಮೇಲೆ ಪರೋಟ ನೆನಪಾಗದೆ ಇರುತ್ತದೆಯೇ? 2020ರಲ್ಲಿ ನಮ್ಮ ಕರ್ನಾಟಕದ್ದೇ ಜಿಎಸ್‌ಟಿ ಪ್ರಾಧಿಕಾರ ಕೂತು, ಬೆಂಗಳೂರಿನ ಒಂದು ಕಂಪನಿಯ ಪರೋಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ರೊಟ್ಟಿ ಅಲ್ಲ ಅಂದಿತು. ರೊಟ್ಟಿ, ಚಪಾತಿ ಹಾಗೇ ತಿನ್ನಬಹುದು, ಪರೋಟವನ್ನು ಬಿಸಿ ಮಾಡಿಯೇ ತಿನ್ನಬೇಕು, ಆದ್ದರಿಂದ 5 ಅಲ್ಲ, 18 ಪರ್ಸೆಂಟ್. ಈ ಲೆಕ್ಕದಲ್ಲಿ ನಮ್ಮ ಫ್ರಿಜ್ಜಿನಲ್ಲಿರುವ ನಿನ್ನೆಯ ಸಾರು ಐಷಾರಾಮಿ ವಸ್ತು. ಆಮೇಲೆ 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಜಿಎಸ್‌ಟಿ ಕೌನ್ಸಿಲ್ ಸಭೆಯಿಂದ ಪಾಪ್‌ಕಾರ್ನ್ ಪುರಾಣ ಬಂತು. ಆಗಿನ ಲೆಕ್ಕದಲ್ಲಿ ಉಪ್ಪು ಖಾರ ಹಾಕಿ ಬಿಡಿಯಾಗಿ ಕೊಟ್ಟರೆ 5, ಅದನ್ನೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 12, ಸಕ್ಕರೆ ಪಾಕ ಸುರಿದರೆ 18. ನಮ್ಮಜ್ಜಿ ಜೋಳದ ಅರಳು ಹುರಿಯುವಾಗ ಮೊಮ್ಮಕ್ಕಳು ಕಾಯುತ್ತಿದ್ದೆವು, ಅದು ಕೂಡ ಒಂದು ಕೌನ್ಸಿಲ್ ಮೀಟಿಂಗೇ, ಆದರೆ ನಮ್ಮದು ಬೇಗ ಮುಗಿಯುತ್ತಿತ್ತು. ಪರೋಟಕ್ಕೆ ಕೊನೆಗೆ 2025ರ ಸೆಪ್ಟೆಂಬರ್ 22ರಂದು ಬಿಡುಗಡೆ ಸಿಕ್ಕಿತು, ತೆರಿಗೆ ಸೊನ್ನೆ. ಐದು ವರ್ಷ ಬೇಕಾಯಿತು ನೋಡಿ, ಅದು ರೊಟ್ಟಿಯ ತಮ್ಮ ಅಂತ ಒಪ್ಪಿಕೊಳ್ಳೋಕೆ.

ಅಕ್ಕಿಗೆ ಬರೋಣ. ಕೆಜಿಗೆ 60 ರೂಪಾಯಿ ಅಂತ ಇಟ್ಟುಕೊಳ್ಳಿ. 26 ಕೆಜಿಗೆ 1,560. ಉಳಿದ ತೆರಿಗೆ 78 ರೂಪಾಯಿ. ಎದೆ ಉಬ್ಬಿತು. ಮೂಟೆ ಹೊತ್ತು ನಡೆಯೋಕಾಗಲ್ಲ, ಆಟೋ ಕರೆದೆ. ಬೆಂಗಳೂರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ ಮೀಟರ್ ದರ 36 ರೂಪಾಯಿ ಅಂತ ಸರ್ಕಾರದ ಕಾಗದದಲ್ಲಿದೆ. ಆಟೋದವರು ಮೂಟೆ ನೋಡಿ, ನನ್ನನ್ನು ನೋಡಿ, ಎಂಬತ್ತು ಕೊಡಿ ಅಂದರು. ಕೊಟ್ಟೆ. ಎರಡು ರೂಪಾಯಿ ಲಾಸ್.

ನಾಲ್ಕು ಜನರ ಮನೆ, ಅದರಲ್ಲಿ ಒಬ್ಬರು ರಾತ್ರಿ ಅನ್ನ ಬಿಟ್ಟಿದ್ದಾರೆ, ಇನ್ನೊಬ್ಬರು ಅನ್ನ ಬಿಟ್ಟಿದ್ದೇನೆ ಅಂತ ಹೇಳಿಕೊಂಡು ತಿರುಗುತ್ತಾರೆ (ಅದು ನಾನೇ). ಮೂಟೆಗೆ ಹುಳ ಬಂತು. ಅಮ್ಮನಿಗೆ ಫೋನ್ ಮಾಡಿದರೆ, ಬಿಸಿಲಿಗೆ ಹಾಕಬೇಡ, ಅಕ್ಕಿ ನುಚ್ಚಾಗುತ್ತೆ, ನೆರಳಲ್ಲಿ ಹರಡು, ಬೇವಿನ ಸೊಪ್ಪು ಹಾಕು ಅಂದರು. ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ 26 ಕೆಜಿ ಅಕ್ಕಿ ಹರಡುವಷ್ಟು ನೆರಳು ಎಲ್ಲಿಂದ ತರಲಿ? ಹಾಲಿನಲ್ಲಿ ಸೋಫಾ ಸರಿಸಿ ಹರಡಿದೆವು. ಎರಡು ದಿನ ಟಿವಿ ಬಂದ್. ಹುಳಗಳು ಮಾತ್ರ ಒಂದು ಪೈಸೆ ತೆರಿಗೆ ಕೊಡದೆ ತಿಂದು ದಪ್ಪಗಾಗಿದ್ದವು.

ಉಳಿತಾಯದ ಉಪದೇಶ ಕೊಡುವವರ ಸಾಲು ನಮ್ಮ ದೇಶದಲ್ಲಿ ಬಹಳ ಉದ್ದ, ರೀಲ್ ಮಾಡುವವರು ಆ ಸಾಲಿನ ಕೊನೆಯಲ್ಲಿ ನಿಂತ ಬಡಪಾಯಿಗಳು. 2019ರಲ್ಲಿ ಈರುಳ್ಳಿ ಬೆಲೆ ಏರಿದಾಗ, ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋಗಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ತಾವು ಈರುಳ್ಳಿ ಬೆಳ್ಳುಳ್ಳಿ ಜಾಸ್ತಿ ತಿನ್ನುವುದಿಲ್ಲ ಅಂತ ಲೋಕಸಭೆಯಲ್ಲಿ ಹೇಳಿದರು. ಮಧ್ಯೆ ಯಾರೋ ಬಾಯಿ ಹಾಕಿದ್ದಕ್ಕೆ ಕೊಟ್ಟ ಉತ್ತರ ಅದು, ಸರಿ, ಒಪ್ಪೋಣ. 2023ರಲ್ಲಿ ಟೊಮೆಟೊ ನೂರು ದಾಟಿ, ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಟೊಮೆಟೊ ಕದ್ದುಕೊಂಡು ಹೋದಾಗ, ಉತ್ತರ ಪ್ರದೇಶದ ಸಚಿವೆಯೊಬ್ಬರು ಮನೆಯಲ್ಲೇ ಕುಂಡದಲ್ಲಿ ಬೆಳೆಯಿರಿ, ಇಲ್ಲ ತಿನ್ನೋದು ಬಿಡಿ, ಬೆಲೆ ತಾನೇ ಇಳಿಯುತ್ತದೆ ಅಂದರು. ಅದೇ ವರ್ಷ ನಮ್ಮಲ್ಲಿ ಅನ್ನಭಾಗ್ಯಕ್ಕೆ ಕೇಂದ್ರ ಅಕ್ಕಿ ಮಾರಲಿಲ್ಲ ಅಂತ, ಹೆಚ್ಚುವರಿ ಐದು ಕೆಜಿಯ ಬದಲು ರಾಜ್ಯ ಸರ್ಕಾರ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 170 ರೂಪಾಯಿಗೆ ಎಷ್ಟು ಲೋಟ ನೀರು, ಎಷ್ಟು ಸೀಟಿ ಅಂತ ಯಾರೂ ಹೇಳಲಿಲ್ಲ.

ಇವೆಲ್ಲ ನಗುವ ವಿಷಯ. ನಗಲಾರದ್ದೂ ಒಂದಿದೆ. 2021ರ ಏಪ್ರಿಲ್, ಕೊರೊನಾ ಎರಡನೇ ಅಲೆ. ರೇಷನ್ ಅಕ್ಕಿ ತಲೆಗೆ ಎರಡು ಕೆಜಿಗೆ ಇಳಿದಿತ್ತು. ಇಷ್ಟರಲ್ಲಿ ಹೇಗೆ ಬದುಕೋದು, ಸಾಯಬೇಕಾ ಅಂತ ಒಬ್ಬ ರೈತ ಆಗಿನ ಆಹಾರ ಸಚಿವರಿಗೆ ಫೋನಿನಲ್ಲಿ ಕೇಳಿದ. ಸತ್ತರೆ ಒಳ್ಳೆಯದು ಅನ್ನುವ ಅರ್ಥದ ಉತ್ತರ ಬಂತು. ಆಮೇಲೆ ವಿಷಾದ ಅಂದರು. ಆ ಫೋನನ್ನು ಇಡೀ ರಾಜ್ಯ ಕೇಳಿಸಿಕೊಂಡಿತು, ಎರಡು ದಿನ ಬೈಯಿತು, ಮರೆಯಿತು. ನಾನೂ ಮರೆತಿದ್ದೆ, ಈ ಅಕ್ಕಿ ಹರಡುವಾಗ ನೆನಪಾಯಿತು.

ನೆನಪಿಸಿದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು. ಹಾಲಿನ ತುಂಬ ಅಕ್ಕಿ ನೋಡಿ, ಏನು ಸಾರ್ ಮದುವೆನಾ ಅಂತ ಕೇಳಿದಳು. ನಾನು ದೊಡ್ಡದಾಗಿ ಇಪ್ಪತ್ತಾರರ ಗುಟ್ಟು ವಿವರಿಸಿದೆ, ನೀನೂ ಮೂಟೆ ತಗೋ, ಟ್ಯಾಕ್ಸ್ ಉಳಿಯುತ್ತೆ ಅಂದೆ. ಅವಳು ಕಸಬರಿಗೆ ಕೆಳಗಿಟ್ಟಳು. 'ಸಾವಿರದ ಐನೂರು ಒಂದೇ ಸಲ ಎಲ್ಲಿಂದ ತರಲಿ ಸಾರ್? ರೇಷನ್ ಮುಗಿದ ಮೇಲೆ ಕೆಜಿ, ಎರಡು ಕೆಜಿ ಪ್ಯಾಕೆಟ್ಟೇ ನಾವು ತರೋದು. ಇರೋದು ಒಂದು ರೂಮು. ಮೂಟೆ ಒಳಗಿಟ್ಟರೆ ನಾವು ಹೊರಗೆ ಮಲಗಬೇಕು.'

ಅಂದರೆ ಒಟ್ಟಿಗೆ ಮೂಟೆ ಕೊಳ್ಳುವಷ್ಟು ಇರುವ ನನಗೆ ತೆರಿಗೆ ಮಾಫಿ. ದಿನದ ಲೆಕ್ಕದಲ್ಲಿ ಪ್ಯಾಕೆಟ್ ತರುವ ಅವಳು ಕೊಡಬೇಕು. ಬಿಡಿ ಅಕ್ಕಿಗೆ ತೆರಿಗೆ ಇಲ್ಲವಲ್ಲ ಅಂತ ಯಾರಾದರೂ ಮೂಗು ತೂರಿಸುತ್ತೀರಿ, ಗೊತ್ತು. ಅವಳ ಬೀದಿಯಲ್ಲಿ ಬಿಡಿ ಅಕ್ಕಿ ಮಾರುತ್ತಿದ್ದ ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಕವರ್ ಅಂಗಡಿ ಬಂದು ಎಷ್ಟೋ ದಿನ ಆಯಿತು. ಇದನ್ನು ಬರೆಯುವಾಗ ಒಂದು ಜೋಕು ಹೊಳೆಯುತ್ತದೇನೋ ಅಂತ ಕಾದೆ. ಹೊಳೆಯಲಿಲ್ಲ. ಐದು ಕೆಜಿ ಅಕ್ಕಿ ಹುಳ ಬಿಡಿಸಿ ಅವಳಿಗೆ ಕೊಟ್ಟೆವು, ಕೊಡುವಾಗಲೂ ನಮಗೆ ನಾಚಿಕೆಯಾಯಿತು, ಹುಳ ಬಂದಿದ್ದಕ್ಕೆ ತಾನೇ ಕೊಟ್ಟಿದ್ದು.

ಚಾಲೆಂಜ್ ಈಗ ಒಂಬತ್ತನೇ ದಿನ. ನವಣೆ ಉಪ್ಪಿಟ್ಟು ಮೂರು ಸಲ ಆಗಿದೆ. ಕಿನೋವಾ ಬಿಸಿಬೇಳೆಬಾತ್ ಆಯಿತು, ಅದರ ಬಗ್ಗೆ ಮನೆಯಲ್ಲಿ ಮಾತಾಡಬಾರದು ಅಂತ ತೀರ್ಮಾನವಾಗಿದೆ. ಹುರುಳಿ ಸಾರು, ಬಾಳಕ, ಸಂಡಿಗೆ ಮಾತ್ರ ಚೆನ್ನಾಗಿ ಓಡುತ್ತಿವೆ. ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿ ಏನಡುಗೆ ಅಂತ ಕೇಳಿದರು.

'ಹುರುಳಿ ಸಾರು ಅಮ್ಮ.'

'ಮೊನ್ನೆಯೂ ಅದೇ ಅಂದೆ?'

'ಇವತ್ತೂ ಅದೇ. ನಾಳೆಯೂ ಅದೇ. ಹೊರಗಿಂದ ಏನೂ ತರ್ತಾ ಇಲ್ಲ, ಮನೇಲಿ ಇರೋದರಲ್ಲೇ ಮಾಡ್ಕೊಳ್ತಿದ್ದೀವಿ.'

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅಮ್ಮ ದನಿ ತಗ್ಗಿಸಿ ಕೇಳಿದರು: 'ಕೆಲಸ ಹೋಯ್ತೇನೋ? ನಿಜ ಹೇಳು. ಸಾಸಿವೆ ಡಬ್ಬೀಲಿ ಒಂದಿಷ್ಟು ಇದೆ, ಕಳಿಸ್ಲಾ?'